ಅಮೆರಿಕದಲ್ಲಿ ಒಟಿಎ ಕೋರ್ಸ್ ಮಾಡೋಣ ಅಂತಿದ್ದೇನೆ, ಫೀಲ್ಡ್‌ನಲ್ಲಿ ಇರುವವರು ಸ್ವಲ್ಪ ಹೇಳಿ

ಶಿವಮೊಗ್ಗ_ಟು_ಪ್ಲೇನೋ
ಎಲ್ಲರಿಗೂ ನಮಸ್ಕಾರ. ಊರಲ್ಲಿ ಬಿ.ಕಾಂ. ಮುಗಿಸಿ ಸಹಕಾರಿ ಬ್ಯಾಂಕ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಮದುವೆಯಾಗಿ ಟೆಕ್ಸಾಸ್‌ಗೆ ಬಂದೆ. ಈಗ ಎಚ್4 ಇಎಡಿ (ಗಂಡನ ವೀಸಾ ಮೇಲೆ ಬಂದವರಿಗೆ ಸಿಗುವ ಕೆಲಸದ ಪರವಾನಗಿ) ಕೈಯಲ್ಲಿದೆ, ಮಗಳು ಸ್ಕೂಲಿಗೆ ಹೋಗುತ್ತಾಳೆ, ಹಗಲೆಲ್ಲ ಮನೆ ಖಾಲಿ.

ಸಿಕ್ಕವರೆಲ್ಲ ಟೆಸ್ಟಿಂಗ್ ಕಲಿ, ಡೇಟಾ ಅನಲಿಟಿಕ್ಸ್ ಕಲಿ ಅಂತಾರೆ. ನನಗೆ ಸ್ಕ್ರೀನ್ ಮುಂದೆ ಕೂರುವ ಕೆಲಸ ಬೇಡ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್, ಅಂದರೆ ಒಟಿಎ, ಎರಡು ವರ್ಷದ ಕೋರ್ಸ್ ಇದೆ. ಕಾಯಿಲೆಯಾದವರು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವ ಹಾಗೆ ಕಲಿಸುವ ಚಿಕಿತ್ಸೆ ಅದು. ವೆಬ್‌ಸೈಟ್ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಟಿ (ಥೆರಪಿಸ್ಟ್) ಬೇರೆ, ಒಟಿಎ ಬೇರೆ, ಒಟಿ ಏಡ್ ಅಂತ ಇನ್ನೊಂದು ಬೇರೆ. ಒಟಿಎ ದಿನವಿಡೀ ನಿಜವಾಗಿ ಏನು ಮಾಡುತ್ತಾರೆ? ಬಿ.ಕಾಂ. ಓದಿದವಳಿಗೆ ಸೀಟು ಸಿಗುತ್ತದಾ? ನಾಳೆ ಊರಿಗೆ ವಾಪಸ್ ಹೋದರೆ ಅಲ್ಲಿ ಈ ಓದಿಗೆ ಬೆಲೆ ಇದೆಯಾ?

ಸಿದ್ದು_ಸಿಲಿಕಾನ್
ಬ್ಯಾಂಕ್‌ನಲ್ಲಿ ಇದ್ದವರು ಎರಡು ವರ್ಷ ಓದಿ "ಅಸಿಸ್ಟೆಂಟ್" ಆಗುವುದಾ? ಅದೇ ಎರಡು ವರ್ಷ ಅಕೌಂಟಿಂಗ್‌ಗೆ ಹಾಕಿ, ಸಿಪಿಎ (ನಮ್ಮ ಸಿಎ ಹಾಗೆ) ಕಡೆ ಹೋಗಿ. ಇರುವ ಓದನ್ನು ಬಿಟ್ಟು ಸುಮ್ನೆ ಹೊಸದಾಗಿ ಅ ಆ ಇ ಈ ಯಾಕೆ?

ಹಾಸನದವಳು_ಜೆರ್ಸಿಯಲ್ಲಿ
ನಾನೇ ಒಟಿಎ. ನ್ಯೂ ಜೆರ್ಸಿಯಲ್ಲಿ ಒಂದು ನರ್ಸಿಂಗ್ ಫೆಸಿಲಿಟಿಯಲ್ಲಿ ಕೆಲಸ. ನಾನೂ ಕಾಮರ್ಸ್ ಓದಿದವಳೇ, ಹಾಗಾಗಿ ಮೊದಲ ಭಯ ಬಿಡಿ.

ದಾರಿ ಹೀಗಿದೆ. ಅಕೋಟ್ ಅಂತ ಒಂದು ಮಾನ್ಯತಾ ಮಂಡಳಿ ಇದೆ. ಅವರ ಮಾನ್ಯತೆ ಇರುವ ಒಟಿಎ ಪ್ರೋಗ್ರಾಂ ಮುಗಿಸಬೇಕು. ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ, ಕೆಲವು ಕಡೆ ಬ್ಯಾಚುಲರ್ಸ್ ಕೂಡ ಬಂದಿದೆ. ಕ್ಲಾಸ್ ಮುಗಿದ ಮೇಲೆ ಕನಿಷ್ಠ 16 ವಾರ ಪೂರ್ಣಾವಧಿ ಫೀಲ್ಡ್‌ವರ್ಕ್, ಇದನ್ನು ಲೆವೆಲ್ 2 ಅಂತಾರೆ. ಸಾಮಾನ್ಯವಾಗಿ ಸಂಬಳ ಇಲ್ಲ. ನಮ್ಮ ಬ್ಯಾಚಿನಲ್ಲಿ ಓದಿಗಿಂತ ಇದರಲ್ಲೇ ಸುಸ್ತಾದವರು ಜಾಸ್ತಿ, ಯಾಕಂದರೆ ದಿನಾ ಎಂಟು ಗಂಟೆ ಅಲ್ಲಿ, ಮನೆಗೆ ಬಂದು ನೋಟ್ಸ್, ಮಕ್ಕಳನ್ನು ನೋಡಿಕೊಳ್ಳುವವರು ಯಾರು ಅನ್ನುವ ಜಗಳ ಬೇರೆ.

ಆಮೇಲೆ ಎನ್‌ಬಿಸಿಒಟಿ ನಡೆಸುವ ರಾಷ್ಟ್ರಮಟ್ಟದ ಪರೀಕ್ಷೆ. ನಾಲ್ಕು ಗಂಟೆ. ಅಂಕ 300ರಿಂದ 600ರ ಅಳತೆಯಲ್ಲಿ ಬರುತ್ತದೆ, 450 ಬಂದರೆ ಪಾಸ್. ಆಗ ಹೆಸರಿನ ಮುಂದೆ "ಸಿಒಟಿಎ" ಹಾಕಿಕೊಳ್ಳಬಹುದು. ಅಷ್ಟಕ್ಕೇ ಕೆಲಸಕ್ಕೆ ಹೋಗುವ ಹಾಗಿಲ್ಲ, ನಿಮ್ಮ ರಾಜ್ಯದ ಲೈಸೆನ್ಸ್ ಬೇರೆಯಾಗಿ ತೆಗೆದುಕೊಳ್ಳಬೇಕು.

ಒಟಿ ಏಡ್ ಅಂದರೆ ಹೈಸ್ಕೂಲ್ ಮುಗಿಸಿದವರು, ಕೆಲಸದಲ್ಲೇ ಕಲಿಯುವವರು. ಸಾಮಾನು ಜೋಡಿಸುವುದು, ರೋಗಿಯನ್ನು ಜಿಮ್‌ಗೆ ಕರೆತರುವುದು, ಫೋನ್ ಎತ್ತುವುದು. ಚಿಕಿತ್ಸೆ ಕೊಡುವ ಹಾಗಿಲ್ಲ. ಸಂಬಳ ನೋಡಿದರೇ ಗೊತ್ತಾಗುತ್ತದೆ: ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಏಡ್‌ಗೆ ವರ್ಷಕ್ಕೆ ಸುಮಾರು 37 ಸಾವಿರ ಡಾಲರ್, ಒಟಿಎಗೆ ಸುಮಾರು 67 ಸಾವಿರ, ಒಟಿಗೆ ಸುಮಾರು 96 ಸಾವಿರ. ಇದು ದೇಶದ ಮಧ್ಯದ ಸಂಖ್ಯೆ, ನಿಮ್ಮ ಊರಲ್ಲಿ ಹೆಚ್ಚು ಕಡಿಮೆ ಇರುತ್ತದೆ.

ದೋಸೆ_ಬೆಣ್ಣೆ_ಆಲೂಪಲ್ಯ
67 ಸಾವಿರಕ್ಕೆ ಸ್ಕ್ರೀನ್ ಮುಂದೆ ಕೂರುವುದು ತಪ್ಪುತ್ತದೆ ಅಂದರೆ ನನಗೂ ಒಂದು ಅರ್ಜಿ ಕೊಡಿ.

ಮಣಿಪಾಲ_ಒಟಿ
ಹಾಸನದವರು ಓದಿನ ದಾರಿ ಸರಿಯಾಗಿ ಹೇಳಿದ್ದಾರೆ. ಕೆಲಸದ ಗಡಿಯ ಬಗ್ಗೆ ನಾನು ಸೇರಿಸುತ್ತೇನೆ, ಯಾಕಂದರೆ ಹೊಸಬರು ಎಡವುವುದು ಅಲ್ಲೇ. ನಾನು ಮಣಿಪಾಲದಲ್ಲಿ ಬಿಒಟಿ (ಒಟಿ ಪದವಿ) ಮಾಡಿ ಈಗ ಮಿಷಿಗನ್‌ನಲ್ಲಿ ಒಟಿ ಆಗಿದ್ದೇನೆ.

ಮೊದಲ ಸಲ ರೋಗಿಯನ್ನು ಪರೀಕ್ಷಿಸಿ, ಏನು ತೊಂದರೆ, ಏನು ಗುರಿ, ಎಷ್ಟು ದಿನ ಅಂತ ನಿರ್ಧರಿಸುವುದು ಒಟಿ ಹೊಣೆ. ಒಟಿಎ ಅದಕ್ಕೆ ಮಾಹಿತಿ ಕೊಡಬಹುದು. ಪಳಗಿದ ಮೇಲೆ, ಒಟಿ ವಹಿಸಿದರೆ ಕೆಲವು ಟೆಸ್ಟ್‌ಗಳನ್ನು ಮಾಡಲೂಬಹುದು. ಆದರೆ ಅದರ ಅರ್ಥ ಏನು ಅಂತ ತೀರ್ಮಾನಿಸುವುದು ಒಟಿ. ಯೋಜನೆ ಸಿದ್ಧವಾದ ಮೇಲೆ ದಿನದಿನದ ಚಿಕಿತ್ಸೆ ಬಹುಪಾಲು ಒಟಿಎ ಕೈಯಲ್ಲೇ. ರೋಗಿಗೆ ನನ್ನ ಮುಖಕ್ಕಿಂತ ಒಟಿಎ ಮುಖವೇ ಚೆನ್ನಾಗಿ ಗೊತ್ತಿರುತ್ತದೆ.

ಒಟಿ ಮೇಲ್ವಿಚಾರಣೆ ಎಷ್ಟು ಹತ್ತಿರದಿಂದ ಇರಬೇಕು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಟೆಕ್ಸಾಸ್‌ಗೆ ತನ್ನದೇ ಬೋರ್ಡ್ ಇದೆ, ಅವರ ನಿಯಮ ಓದಿಕೊಳ್ಳಿ ಮೇಡಂ. ಬೇರೆ ರಾಜ್ಯದ ಗೆಳತಿ ಹೇಳಿದ್ದನ್ನು ನಂಬಿ ಕೂರಬೇಡಿ.

ಸಿದ್ದು_ಸಿಲಿಕಾನ್
ಅಂದರೆ ತಲೆಕೆಲಸ ಒಟಿ ಮಾಡುತ್ತಾರೆ, ಮೈಕೆಲಸ ಒಟಿಎ ಮಾಡುತ್ತಾರೆ. ನರ್ಸಿಂಗ್ ಹೋಂ ಅಂದ ಮೇಲೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಟಾಯ್ಲೆಟ್‌ಗೆ ಕರೆದೊಯ್ಯುವುದು. ಬೇಜಾರು ಮಾಡಿಕೊಳ್ಳಬೇಡಿ, ನಮ್ಮೂರಲ್ಲಿ ಇದನ್ನು ಆಯಾ ಕೆಲಸ ಅಂತಾರೆ.

ಹಾಸನದವಳು_ಜೆರ್ಸಿಯಲ್ಲಿ
ಸಿದ್ದು ಅವರೇ, ಆಯಾ ಕೆಲಸವನ್ನು ಹಗುರವಾಗಿ ನೋಡುವ ಅಭ್ಯಾಸ ಮೊದಲು ಬಿಡಿ. ನಮ್ಮಲ್ಲಿ ಆ ಕೆಲಸ ಮಾಡುವವರು ನರ್ಸಿಂಗ್ ಅಸಿಸ್ಟೆಂಟ್‌ಗಳು. ಅವರು ಇಲ್ಲದಿದ್ದರೆ ಒಂದು ಬೆಳಗ್ಗೆಯೂ ಕಳೆಯುವುದಿಲ್ಲ.

ಆದರೆ ನನ್ನ ಕೆಲಸ ಬೇರೆ. ಅವರು ಶರ್ಟ್ ಹಾಕುತ್ತಾರೆ, ನಾನು ರೋಗಿಯೇ ಹಾಕಿಕೊಳ್ಳುವ ಹಾಗೆ ಮಾಡಬೇಕು. ಸ್ಟ್ರೋಕ್ ಆಗಿ ಎಡಗೈ ಸೋತಿರುವ ಒಬ್ಬರನ್ನು ಊಹಿಸಿಕೊಳ್ಳಿ. ಮಂಚದ ಅಂಚಿನಲ್ಲಿ ಕೂರಿಸಬೇಕು, ಎರಡೂ ಪಾದ ನೆಲಕ್ಕೆ ಊರಿರಬೇಕು, ಸೊಂಟಕ್ಕೆ ಬೆಲ್ಟ್, ನಾನು ಸೋತ ಕಡೆ ಕೂತಿರುತ್ತೇನೆ. ಶರ್ಟನ್ನು ತೊಡೆ ಮೇಲೆ ಹರವಿ, ಎಡ ತೋಳನ್ನು ಮಂಡಿಗಳ ಮಧ್ಯೆ ಇಳಿಬಿಡಬೇಕು. ಸೋತ ಕೈ ಮೊದಲು ಒಳಗೆ ಹೋಗಬೇಕು. ಬಲಗೈಯಿಂದ ಬಟ್ಟೆಯನ್ನು ಮೊಣಕೈ ದಾಟಿಸಿ ಭುಜದವರೆಗೆ ಎಳೆಯಬೇಕು. ಮೊಣಕೈ ದಾಟದೆ ಬೆನ್ನ ಹಿಂದೆ ಸುತ್ತಲು ಹೋದರೆ ಅಷ್ಟೂ ಜಾರಿ ಮತ್ತೆ ಮಡಿಲಿಗೆ. ಬಿಚ್ಚುವಾಗ ಉಲ್ಟಾ, ಗಟ್ಟಿ ಇರುವ ಕೈ ಮೊದಲು.

ಕೆಲವರಿಗೆ ಎಡಭಾಗ ಇದೆ ಅನ್ನುವುದೇ ಮರೆತಿರುತ್ತದೆ. ಬಲ ತೋಳು ಹಾಕಿಕೊಂಡು, ಗುಂಡಿ ಹಾಕಿ, "ಆಯ್ತು" ಅಂತಾರೆ. ಎಡ ತೋಳು ನೇತಾಡುತ್ತಿರುತ್ತದೆ. ಆಗ ನಾನು ಕೈ ಹಾಕಿ ಸರಿ ಮಾಡಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮಾಡುವ ಹಾಗಿಲ್ಲ. ಮೊದಲು ಸುಮ್ಮನಿರಬೇಕು. ಆಮೇಲೆ "ಒಂದು ಸಲ ಪೂರ್ತಿ ನೋಡಿಕೊಳ್ಳಿ" ಅನ್ನಬೇಕು. ಅದಕ್ಕೂ ಆಗದಿದ್ದರೆ ಎಡ ಭುಜ ಮುಟ್ಟಿ ತೋರಿಸಬೇಕು. ಎಷ್ಟು ಸಲ ಹೇಳಬೇಕಾಯಿತು, ಎಷ್ಟು ಕೈ ಹಾಕಬೇಕಾಯಿತು ಅಂತ ನೋಟ್ ಬರೆಯಬೇಕು. ಮುಂದಿನ ವಾರ ಇನ್ಶೂರೆನ್ಸ್‌ನವರು ಥೆರಪಿ ಮುಂದುವರಿಸಲು ದುಡ್ಡು ಕೊಡುತ್ತಾರಾ ಇಲ್ಲವಾ ಅನ್ನುವುದರಲ್ಲಿ ಆ ನೋಟ್‌ಗೂ ಪಾಲಿರುತ್ತದೆ. ಇದರಲ್ಲಿ ತಲೆ ಎಲ್ಲಿ, ಮೈ ಎಲ್ಲಿ, ನೀವೇ ಬಿಡಿಸಿ ಹೇಳಿ.

ಹುಬ್ಬಳ್ಳಿ_ಮಂದಿ
ಅಕ್ಕಾರ, ನೀವು ಬರದಿದ್ದು ಖರೇ ಐತಿ. ನಮ್ಮ ಅಪ್ಪಗ ಸ್ಟ್ರೋಕ್ ಆದಾಗ ಮನ್ಯಾಗ ಎಲ್ಲಾರೂ ಕೂಡಿ ಊಟ ಮಾಡಿಸೋದು, ಅಂಗಿ ತೊಡಿಸೋದು ಮಾಡಿದ್ವಿ. ಪ್ರೀತಿಲೇ ಮಾಡಿದ್ವಿ ರೀ. ಮುಂದ ತಾವಾಗೇ ಒಂದು ಗುಂಡೀನೂ ಹಾಕ್ಕೊಳ್ಳಲಿಲ್ಲ. ಹಿಂಗ ಕಲಿಸೋ ಮಂದಿ ಇರ್ತಾರ ಅನ್ನೋದೇ ನಮಗ ಗೊತ್ತಿರಲಿಲ್ಲ.

ಜಯನಗರ_ಅಮ್ಮ
@ಹುಬ್ಬಳ್ಳಿ_ಮಂದಿ ನಮ್ಮ ಮನೆಯಲ್ಲೂ ಇದೇ ಕತೆ. ನಾವೆಲ್ಲ ಫಿಸಿಯೋ ಒಂದೇ ಕೇಳಿದ್ದೆವು. ಕಾಲು ನಡೆದರೆ ಸಾಕು ಅಂತ. ಕೈ ಬಗ್ಗೆ ಯಾರೂ ಯೋಚಿಸಲೇ ಇಲ್ಲ.

ಶಿವಮೊಗ್ಗ_ಟು_ಪ್ಲೇನೋ
ಹಾಸನದ ಅಕ್ಕ, ತುಂಬ ಥ್ಯಾಂಕ್ಸ್. ಇಷ್ಟು ಬಿಡಿಸಿ ಎಲ್ಲೂ ಓದಿರಲಿಲ್ಲ. ಒಂದು ಪೆದ್ದು ಪ್ರಶ್ನೆ: ನಮ್ಮ ಕಡೆಯ ರೋಗಿಗಳು ಸಿಕ್ಕರೆ ನಾವು ಕನ್ನಡದವರು ಅನ್ನುವುದು ಏನಾದರೂ ಉಪಯೋಗಕ್ಕೆ ಬರುತ್ತದಾ?

ಹಾಸನದವಳು_ಜೆರ್ಸಿಯಲ್ಲಿ
ಬರುತ್ತದೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ.

ಒಬ್ಬ ಅಜ್ಜಿ ಬಂದಿದ್ದರು. ಬಲಗೈ ಸೋತಿತ್ತು, ಮಾತೂ ತೊದಲುತ್ತಿತ್ತು, ಬರುತ್ತಿದ್ದ ನಾಲ್ಕು ಮಾತು ಕನ್ನಡ. ಯೋಜನೆಯಲ್ಲಿ ಗುರಿ ಹೀಗಿತ್ತು: ದಪ್ಪ ಹಿಡಿಯ ಸ್ಪೂನಿನಿಂದ ಅರ್ಧ ಊಟ ತಾವೇ ಮಾಡಬೇಕು. ಅಜ್ಜಿ ಸ್ಪೂನ್ ಮುಟ್ಟುತ್ತಲೇ ಇರಲಿಲ್ಲ. ಚಾರ್ಟಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬಂತು. ನಾನು ಒಟಿ ಹತ್ತಿರ ಹೋಗಿ ಹೇಳಿದೆ, ಇವರು ಜೀವನದಲ್ಲಿ ಅನ್ನ ಸಾರನ್ನು ಸ್ಪೂನಲ್ಲಿ ತಿಂದವರೇ ಅಲ್ಲ, ಕೈಯಲ್ಲಿ ತಿನ್ನುವುದನ್ನೇ ಗುರಿ ಮಾಡೋಣವಾ ಅಂತ. ಆ ಒಟಿ ಒಂದು ದಿನ ನಮ್ಮ ಜೊತೆ ಕೂತು ನೋಡಿ, ಗುರಿ ತಿದ್ದಿದರು. ಗಮನಿಸಿ, ತಿದ್ದಿದ್ದು ಒಟಿ. ನಾನಾಗಿ ಬದಲಾಯಿಸುವ ಹಾಗಿರಲಿಲ್ಲ.

ಅಂಚು ಎತ್ತರ ಇರುವ ತಟ್ಟೆ, ಕೆಳಗೆ ಜಾರದ ಮ್ಯಾಟ್, ಮಗಳು ಮನೆಯಿಂದ ತಂದ ಮೆತ್ತನೆ ಮೊಸರನ್ನ. ಕಲಸುವುದು ಬೇಗ ಬಂತು. ತುತ್ತು ಕಟ್ಟುವುದೂ ಬಂತು. ಕಷ್ಟ ಇದ್ದದ್ದು ಕೊನೆಯಲ್ಲಿ, ಹೆಬ್ಬೆರಳಿನಿಂದ ತುತ್ತನ್ನು ಬಾಯೊಳಗೆ ತಳ್ಳುವಾಗ. ನಾವು ಯೋಚಿಸದೆ ಮಾಡುವ ಕೆಲಸ ಅದು. ಈಗ ನಿಮ್ಮ ಕೈ ನೋಡಿಕೊಂಡು ಮಾಡಿ ನೋಡಿ: ನಾಲ್ಕು ಬೆರಳು ದೊನ್ನೆ ಹಾಗೆ ನಿಲ್ಲಬೇಕು, ಹೆಬ್ಬೆರಳು ಮಾತ್ರ ಹಿಂದಿನಿಂದ ಮುಂದಕ್ಕೆ ಸರಿಯಬೇಕು. ಅದಕ್ಕಾಗಿಯೇ ಥೆರಪಿ ಪುಟ್ಟಿಯಲ್ಲಿ (ಕೈ ವ್ಯಾಯಾಮಕ್ಕೆ ಕೊಡುವ ಮೆತ್ತನೆ ಮುದ್ದೆ) ಹೆಬ್ಬೆರಳು ಜಾರಿಸುವ ಅಭ್ಯಾಸ ಮಾಡಿಸಿದೆವು. ಅಜ್ಜಿ ಪುಟ್ಟಿ ನೋಡಿ "ಕಣಕ" ಅಂದರು. ಆಮೇಲೆ ಅದನ್ನು ಚಪಾತಿ ಉಂಡೆ ಮಾಡಿ ಸಾಲಾಗಿ ಇಟ್ಟುಬಿಟ್ಟರು.

ದೋಸೆ_ಬೆಣ್ಣೆ_ಆಲೂಪಲ್ಯ
ಆಫೀಸ್ ಕ್ಯಾಂಟೀನಲ್ಲಿ ಕೂತು ಗಾಳಿಯಲ್ಲಿ ತುತ್ತು ತಳ್ಳಿ ನೋಡುತ್ತಿದ್ದೇನೆ. ಎದುರಿನ ಟೇಬಲ್‌ನವರು ಜಾಗ ಬದಲಾಯಿಸಿದರು.

ಮಂಡ್ಯ_ರಮ್ಯ
ನಾವು ಶುದ್ಧ ಸಸ್ಯಾಹಾರಿಗಳು. ರೋಗಿಗಳ ಊಟದ ತರಬೇತಿ, ಅಡುಗೆ ತರಬೇತಿ ಅಂದರೆ ಮಾಂಸ ಎಲ್ಲ ಮುಟ್ಟಬೇಕಾಗುತ್ತದಾ? ನನ್ನ ತಂಗಿಗೂ ಈ ಕೋರ್ಸ್ ಮೇಲೆ ಕಣ್ಣಿದೆ.

ಹಾಸನದವಳು_ಜೆರ್ಸಿಯಲ್ಲಿ
@ಮಂಡ್ಯ_ರಮ್ಯ ಬರುತ್ತದೆ. ಮೊಟ್ಟೆ ಒಡೆಯುವುದು, ಬೇಕನ್ ಹುರಿಯುವುದು ಎಲ್ಲ ಅವರ ದಿನಚರಿ. ಹುರಿಯುವವರು ಅವರೇ, ನಾನು ಒಲೆ ಹತ್ತಿರ ಬೀಳದ ಹಾಗೆ ನಿಂತಿರುತ್ತೇನೆ. ಗ್ಲೌಸ್ ಇರುತ್ತದೆ. ಇದನ್ನು ಸಹಿಸಲಾರೆ ಅನ್ನುವವರು ಸ್ಕೂಲ್ ಕಡೆ ಹೋಗಲಿ. ಅಲ್ಲಿ ಒಟಿಎಗಳು ಪೆನ್ಸಿಲ್ ಹಿಡಿಯುವುದು, ಕತ್ತರಿ ಬಳಸುವುದು, ಜಾಕೆಟ್ ಜಿಪ್ ಹಾಕುವುದು, ಕ್ಲಾಸಿನ ಗದ್ದಲ ತಡೆದುಕೊಳ್ಳುವುದು ಇಂಥದ್ದರ ಮೇಲೆ ಕೆಲಸ ಮಾಡುತ್ತಾರೆ. ಅಲ್ಲೂ ಯೋಜನೆ ಒಟಿಯದ್ದೇ.

ಎಚ್4_ಹಳಬ
ಎಲ್ಲರೂ ಭಾವುಕರಾಗಿದ್ದೀರಿ, ವೀಸಾ ಯಾರೂ ಮಾತಾಡಲಿಲ್ಲ.

ಎಚ್4ನಲ್ಲಿ ಓದಲು ಎಫ್1 (ವಿದ್ಯಾರ್ಥಿ ವೀಸಾ) ಬೇಕಿಲ್ಲ. ಸರಿ. ಆದರೆ ಸಾಮಾನ್ಯವಾಗಿ ಎಚ್1ಬಿ (ಕೆಲಸದ ವೀಸಾ) ಸಿಗಲು ಆ ಕೆಲಸಕ್ಕೆ ಕನಿಷ್ಠ ಬ್ಯಾಚುಲರ್ಸ್ ಬೇಕು ಅನ್ನುವಂತಿರಬೇಕು. ಒಟಿಎ ಕೆಲಸಕ್ಕೆ ಅಸೋಸಿಯೇಟ್ ಸಾಕು. ಅಂದರೆ ಒಟಿಎ ಅಂತ ಎಚ್1ಬಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಿಮ್ಮ ಕೆಲಸ ಪೂರ್ತಿ ಇಎಡಿ ಮೇಲೆ ನಿಂತಿರುತ್ತದೆ. ಆ ಇಎಡಿ ಯಜಮಾನರ ಐ-140 (ಅವರ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಮೇಲೆ ನಿಂತಿದೆ. 2015ರಲ್ಲಿ ಬಂದ ನಿಯಮ ಅದು, ಬಂದಾಗಿನಿಂದ ಕೋರ್ಟು ಕಚೇರಿ ಸುತ್ತುತ್ತಲೇ ಇತ್ತು. ಇಎಡಿ ನವೀಕರಣ ತಡವಾದರೆ ಕೆಲಸ ನಿಲ್ಲಿಸಬೇಕಾಗಬಹುದು. ಗ್ರೀನ್ ಕಾರ್ಡ್ ಹತ್ತಿರ ಇದ್ದರೆ ಬೇರೆ ಮಾತು.

ಇನ್ನೊಂದು: ನರ್ಸ್ ಮತ್ತು ಫಿಸಿಕಲ್ ಥೆರಪಿಸ್ಟ್‌ಗಳಿಗೆ ಗ್ರೀನ್ ಕಾರ್ಡ್‌ನಲ್ಲಿ ಶೆಡ್ಯೂಲ್ ಎ ಅನ್ನುವ ಸುಲಭದ ದಾರಿ ಇದೆ. ಆ ಪಟ್ಟಿಯಲ್ಲಿ ಒಟಿ ಇಲ್ಲ, ಒಟಿಎ ಅಂತೂ ಇಲ್ಲವೇ ಇಲ್ಲ. "ಹೆಲ್ತ್‌ಕೇರ್ ಅಂದರೆ ಗ್ರೀನ್ ಕಾರ್ಡ್ ಬೇಗ" ಅಂತ ಯಾರಾದರೂ ಕನ್ಸಲ್ಟೆನ್ಸಿಯವರು ಹೇಳಿದರೆ ಎದ್ದು ಬನ್ನಿ.

ಸಿದ್ದು_ಸಿಲಿಕಾನ್
ಇದನ್ನೇ ನಾನು ಹೇಳಿದ್ದು. ಅಕೌಂಟಿಂಗ್ ಆದರೆ ಎಚ್1ಬಿ ದಾರಿಯಾದರೂ ತೆರೆದಿರುತ್ತದೆ.

ಎಚ್4_ಹಳಬ
@ಸಿದ್ದು ನೀವು ಹೇಳಿದ್ದು "ಅಸಿಸ್ಟೆಂಟ್ ಕೆಲಸ ಕೀಳು" ಅಂತ. ಅದು ಬೇರೆ, ಇದು ಬೇರೆ.

ಲಾಸ್‌ಏಂಜಲಿಸ್_ಶೆಟ್ಟಿ
ನನ್ನ ಹೆಂಡತಿ ಕ್ಲಿನಿಕ್ ಒಂದರಲ್ಲಿ ಬಿಲ್ಲಿಂಗ್ ನೋಡುತ್ತಾಳೆ. ಒಟಿಎಗಳಿಗೆ ಮೆಡಿಕೇರ್‌ನವರು (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) 15% ಸಂಬಳ ಕಡಿತ ಮಾಡಿದ್ದಾರಂತೆ? ಹಾಗಾದರೆ ಈ ಕೆಲಸದ ಭವಿಷ್ಯ ಏನು?

ಮಣಿಪಾಲ_ಒಟಿ
ಶೆಟ್ರೇ, ಸಂಬಳ ಕಡಿತ ಅಲ್ಲ. 2018ರ ಬಜೆಟ್ ಕಾನೂನಿನಿಂದ ಬಂದದ್ದು, 2022ರ ಜನವರಿ 1ರಿಂದ ಜಾರಿ. ಮೆಡಿಕೇರ್ ಪಾರ್ಟ್ ಬಿ (ಮುಖ್ಯವಾಗಿ ಹೊರರೋಗಿಗಳ ಭಾಗ) ಥೆರಪಿಯಲ್ಲಿ ಒಟಿಎ ಕೊಟ್ಟ ಸೇವೆಗೆ ಮಾಮೂಲಿ ದರದ 85% ಮಾತ್ರ ಕೊಡುತ್ತಾರೆ. ಕೊಡುವುದು ಕ್ಲಿನಿಕ್‌ಗೆ. ಒಟಿಎ ಕೈಗೆ ಬರುವ ಸಂಬಳ ಮಾಲೀಕರು ಮತ್ತು ಅವರ ನಡುವಿನ ಮಾತು. ಅದೇ ನಿಯಮ ಫಿಸಿಕಲ್ ಥೆರಪಿ ಅಸಿಸ್ಟೆಂಟ್‌ಗೂ ಇದೆ.

ಪರಿಣಾಮ ಇಲ್ಲ ಅಂತ ಹೇಳುವುದಿಲ್ಲ. ಮೆಡಿಕೇರ್ ರೋಗಿಗಳೇ ಹೆಚ್ಚಿರುವ ಸಣ್ಣ ಕ್ಲಿನಿಕ್‌ಗಳು ಒಟಿಎ ತೆಗೆದುಕೊಳ್ಳುವ ಮುಂಚೆ ಎರಡು ಸಲ ಲೆಕ್ಕ ಹಾಕುತ್ತವೆ. ಇನ್ನೊಂದು ಕಡೆ 2025ರಿಂದ ಖಾಸಗಿ ಪ್ರಾಕ್ಟೀಸಿನಲ್ಲಿ ಒಟಿ ಅದೇ ಕಟ್ಟಡದಲ್ಲಿ ಇರಲೇಬೇಕು ಅನ್ನುವ ಮೆಡಿಕೇರ್ ನಿಯಮ ಸಡಿಲವಾಗಿದೆ, ಫೋನಿನಲ್ಲಿ ಸಿಕ್ಕರೂ ಸಾಕು. ರಾಜ್ಯದ ನಿಯಮ ಬಿಗಿಯಾಗಿದ್ದರೆ ಅದನ್ನು ಪಾಲಿಸಬೇಕು, ಅಷ್ಟೇ.

ಹಾಸನದವಳು_ಜೆರ್ಸಿಯಲ್ಲಿ
ನಮ್ಮಂಥ ನರ್ಸಿಂಗ್ ಫೆಸಿಲಿಟಿಗಳಿಗೆ ಅದಕ್ಕಿಂತ ದೊಡ್ಡ ಏಟು 2019ರ ಅಕ್ಟೋಬರ್ 1ರಂದು ಬಿತ್ತು. ಅಲ್ಲಿಯವರೆಗೆ ಎಷ್ಟು ನಿಮಿಷ ಥೆರಪಿ ಕೊಟ್ಟರೋ ಅದರ ಮೇಲೆ ಮೆಡಿಕೇರ್ ದುಡ್ಡು. ಆಮೇಲೆ ರೋಗಿಯ ಸ್ಥಿತಿ ನೋಡಿ ದುಡ್ಡು. ನಿಮಿಷಕ್ಕೆ ಬೆಲೆ ಹೋಯಿತು, ಅದೇ ವಾರಗಳಲ್ಲಿ ಎಷ್ಟೋ ಕಡೆ ಥೆರಪಿಯವರನ್ನು ಮನೆಗೆ ಕಳಿಸಿದರು. ಹೊಸಬರಿಗೆ ಇದನ್ನು ಕಾಲೇಜಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನು "ಪ್ರೊಡಕ್ಟಿವಿಟಿ" ಅನ್ನುವ ಪೀಡೆ. ಹಾಜರಿದ್ದ ಸಮಯದಲ್ಲಿ ಶೇಕಡಾ 85, 90 ಬಿಲ್ ಆಗುವ ಕೆಲಸ ಇರಬೇಕು ಅಂತಾರೆ. ನಡುವೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡುವುದು, ರೋಗಿ ಟಾಯ್ಲೆಟ್‌ನಿಂದ ಬರುವವರೆಗೆ ಕಾಯುವುದು, ಮಗಳ ಜೊತೆ ಫೋನ್, ಇದ್ಯಾವುದಕ್ಕೂ ಲೆಕ್ಕ ಇಲ್ಲ. ಇಂಟರ್‌ವ್ಯೂನಲ್ಲಿ ಆ ಸಂಖ್ಯೆ ಎಷ್ಟು ಅಂತ ನೇರ ಕೇಳಿ. ಬೆನ್ನು ನೋವಿನ ಬಗ್ಗೆಯೂ ಈಗಲೇ ಯೋಚಿಸಿ.

ಬ್ರಾಂಪ್ಟನ್_ಗೌಡ
ಕೆನಡಾದಲ್ಲಿ ಕತೆಯೇ ಬೇರೆ. ಇಲ್ಲಿ ಒಟಿಎ ಮತ್ತು ಫಿಸಿಯೋ ಅಸಿಸ್ಟೆಂಟ್ ಎರಡೂ ಸೇರಿಸಿ ಒಂದೇ ಡಿಪ್ಲೊಮಾ, ಎರಡು ವರ್ಷ. ಒಂಟಾರಿಯೋದಲ್ಲಿ ಅಸಿಸ್ಟೆಂಟ್‌ಗಳಿಗೆ ಲೈಸೆನ್ಸ್ ಇಲ್ಲ. ಊರಿಂದ ಬಂದ ಫಿಸಿಯೋಗಳು ಇಲ್ಲಿಯ ಪರೀಕ್ಷೆ ಪಾಸಾಗುವವರೆಗೆ ಅಸಿಸ್ಟೆಂಟ್ ಆಗಿರುವುದು ಮಾಮೂಲು.

ಲೆಸ್ಟರ್_ಲಕ್ಷ್ಮಿ
ಯುಕೆಯಲ್ಲೂ ಹಾಗೇ. ಒಟಿಗೆ ಎಚ್‌ಸಿಪಿಸಿ ಅನ್ನುವ ವೃತ್ತಿ ಮಂಡಳಿಯ ನೋಂದಣಿ ಕಡ್ಡಾಯ, ಅಸಿಸ್ಟೆಂಟ್‌ಗೆ ಇಲ್ಲ. ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಂಬಳದ ದರ್ಜೆ ಬ್ಯಾಂಡ್ 3 ಅಥವಾ 4. ಡಿಗ್ರಿ ಕೇಳುವುದಿಲ್ಲ, ಕೇರ್ ಅನುಭವ ಕೇಳುತ್ತಾರೆ. ನಮ್ಮ ಟೀಮಿನ ಅಸಿಸ್ಟೆಂಟ್ ಮನೆಮನೆಗೆ ಹೋಗಿ ಕಮೋಡ್ ಎತ್ತರ ಅಳೆದು ಬರುತ್ತಾರೆ. ಆ ಅಳತೆ ತಪ್ಪಿದರೆ ಸೊಂಟದ ಆಪರೇಷನ್ ಆದವರು ಏಳಲಾರದೆ ಕೂತಿರುತ್ತಾರೆ.

ಬಿಒಟಿ_ಫ್ರೆಶರ್
ನಾನು ಊರಲ್ಲಿ ಬಿಒಟಿ ಮುಗಿಸಿದ್ದೇನೆ. ಅಮೆರಿಕದಲ್ಲಿ ಒಟಿ ಆಗಲು ತುಂಬ ಸಮಯ ಹಿಡಿಯುತ್ತದೆ ಅಂತಾರೆ. ಸದ್ಯಕ್ಕೆ ನೇರ ಒಟಿಎ ಪರೀಕ್ಷೆ ಬರೆದು ಕೆಲಸಕ್ಕೆ ಸೇರಬಹುದಲ್ವಾ? ನಮ್ಮ ಓದು ಅದಕ್ಕಿಂತ ಜಾಸ್ತಿ ತಾನೇ?

ಮಣಿಪಾಲ_ಒಟಿ
ಆಗುವುದಿಲ್ಲ. ಸಿಒಟಿಎ ಪರೀಕ್ಷೆಗೆ ಅಕೋಟ್ ಮಾನ್ಯತೆಯ ಒಟಿಎ ಪ್ರೋಗ್ರಾಂ ಮುಗಿಸಿದವರಿಗೆ ಮಾತ್ರ ಅವಕಾಶ. ನಾಲ್ಕೂವರೆ ವರ್ಷ ಓದಿದ್ದೇನೆ ಅಂದರೂ ಕೇಳುವುದಿಲ್ಲ. ವಿದೇಶದಲ್ಲಿ ಓದಿದ ಒಟಿಗಳಿಗೆ ಎನ್‌ಬಿಸಿಒಟಿಯದ್ದೇ ಬೇರೆ ಅರ್ಹತಾ ಪರಿಶೀಲನೆ ಇದೆ, ಒಟಿಇಡಿ ಅಂತ. ಇಲ್ಲಿ ಒಟಿ ಆಗಲು ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಟ್ಟ ಬೇಕು, ಬಿಒಟಿ ಒಂದೇ ಸಾಲದೆ ಹೋಗುವ ಸಂಭವ ಜಾಸ್ತಿ. ನೀವು ಒಟಿ ದಾರಿಯಲ್ಲೇ ಹೋಗಿ ತಮ್ಮಾ, ಇಷ್ಟು ಓದಿ ಹಿಂದಕ್ಕೆ ಬರಬೇಡಿ.

ಜಯನಗರ_ಅಮ್ಮ
ಬೆಂಗಳೂರಿನ ಕತೆ ಹೇಳಲೇಬೇಕು. ಮಗನಿಗೆ ಆಟಿಸಂ. ಡಾಕ್ಟರು ಒಟಿ ಬರೆದುಕೊಟ್ಟರು. ಮನೆ ಹತ್ತಿರದ ಒಂದು ಸೆಂಟರ್‌ಗೆ ಸೇರಿಸಿದೆವು, ಹೆಸರು ಬೇಡ. ಉಯ್ಯಾಲೆ, ದೊಡ್ಡ ಚೆಂಡು, ಬಣ್ಣದ ಸುರಂಗ, ನೋಡಲು ಚೆಂದ. ಮೊದಲ ದಿನ ಒಬ್ಬ ಒಟಿ ಬಂದು ಪರೀಕ್ಷೆ ಮಾಡಿದರು. ಆಮೇಲೆ ಅವರ ಮುಖ ಕಂಡಿದ್ದು ಅಪರೂಪ. ದಿನಾ ಮಗುವನ್ನು ಕರೆದುಕೊಂಡು ಹೋಗುತ್ತಿದ್ದ ಹುಡುಗಿ ಏನು ಓದಿದ್ದಾಳೆ ಅಂತ ಕೇಳಿದೆ. ಬಿ.ಎ., ಮತ್ತು ಅಲ್ಲೇ ಒಂದಿಷ್ಟು ದಿನ ಟ್ರೈನಿಂಗ್. ಬಿಲ್ಲಿನಲ್ಲಿ ಮಾತ್ರ "ಥೆರಪಿಸ್ಟ್". ಬಾಗಿಲು ಹಾಕಿಕೊಂಡು ನಡೆಯುವ ಸೆಷನ್, ಒಳಗೆ ಬರಬೇಡಿ ಅಂತಾರೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಮಗ ಅವಳಿಗೆ ಹೊಂದಿಕೊಂಡಿದ್ದ. ಆದರೆ ಅವಳಿಗೆ ಹೇಳಿಕೊಡುವವರು ಯಾರು, ತಪ್ಪಾದರೆ ಕೇಳುವವರು ಯಾರು? ಮೇಲೆ ಶರ್ಟ್ ಕತೆ ಓದಿದಾಗ ಹೊಟ್ಟೆ ಉರಿಯಿತು.

ಮಣಿಪಾಲ_ಒಟಿ
ಮೇಡಂ, ನಿಮ್ಮ ಪ್ರಶ್ನೆ ಸರಿಯಾಗಿದೆ. ಅಮೆರಿಕದ ಹಾಗೆ ಪರೀಕ್ಷೆ, ಲೈಸೆನ್ಸ್ ಇರುವ ಒಟಿಎ ದರ್ಜೆ ಭಾರತದಲ್ಲಿಲ್ಲ. ಅಲ್ಲಿ ಈ ಓದು ಹಳೆಯದೇ. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶುರುವಾಯಿತು, ಕಮಲಾ ನಿಂಬ್ಕರ್ ಕಟ್ಟಿದ್ದು. 1952ರಲ್ಲಿ ಅಖಿಲ ಭಾರತ ಸಂಘವೂ ಬಂತು. ಆದರೆ ಕಾನೂನಿನ ಚೌಕಟ್ಟು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯವರೆಗೆ ದೇಶಪೂರ್ತಿ ಇರಲಿಲ್ಲ. ಒಟಿಗಳ ಸಂಖ್ಯೆ ಕಡಿಮೆ, ಬೇಡಿಕೆ ಜಾಸ್ತಿ. ನಡುವಿನ ಜಾಗವನ್ನು ಯಾರು ಬೇಕಾದರೂ ತುಂಬುತ್ತಾರೆ.

ಪೋಷಕರು ಮೂರು ಕೇಳಿ: ಯೋಜನೆ ಬರೆದವರ ಡಿಗ್ರಿ ಏನು, ಸೆಷನ್ ಮಾಡುವವರನ್ನು ಅವರು ಎಷ್ಟು ದಿನಕ್ಕೊಮ್ಮೆ ಕೂತು ನೋಡುತ್ತಾರೆ, ಗುರಿಗಳನ್ನು ಬರೆದು ಕೊಡುತ್ತಾರಾ. "ಸೆನ್ಸರಿ ಇಂಪ್ರೂವ್ ಆಗುತ್ತದೆ" ಅನ್ನುವುದು ಗುರಿಯಲ್ಲ. "ಇಂತಿಷ್ಟು ವಾರದಲ್ಲಿ ತಾನೇ ಚಡ್ಡಿ ಏರಿಸಿಕೊಳ್ಳುತ್ತಾನೆ" ಅನ್ನುವುದು ಗುರಿ.

ಸಿದ್ದು_ಸಿಲಿಕಾನ್
ಹಾಗಾದರೆ ಶಿವಮೊಗ್ಗದವರು ಊರಿಗೆ ಹೋದರೆ ಒಟಿಎ ಸರ್ಟಿಫಿಕೇಟಿಗೆ ಅಲ್ಲಿ ಜಾಗವೇ ಇಲ್ಲ ಅಂತಾಯಿತು.

ಹಾಸನದವಳು_ಜೆರ್ಸಿಯಲ್ಲಿ
ಈ ಒಂದು ಮಾತಿನಲ್ಲಿ ಸಿದ್ದು ಜೊತೆ ನಾನಿದ್ದೇನೆ. ವಾಪಸ್ ಹೋಗುವುದು ಖಚಿತ ಅಂತಿದ್ದರೆ ಈ ಕೋರ್ಸ್ ಬೇಡ. ಅಲ್ಲಿ ನಿಮ್ಮನ್ನು ಒಟಿ ಅಂತ ಒಪ್ಪುವುದಿಲ್ಲ, ಒಟಿಎ ಅಂತ ಹುದ್ದೆ ಇಲ್ಲ. ಇಲ್ಲೇ ಇರುವುದಾದರೆ ಮುಂದೆ ಒಟಿ ಆಗಲು ಬ್ರಿಜ್ ಪ್ರೋಗ್ರಾಂಗಳಿವೆ. ಆದರೆ ನಮ್ಮ ಮೂರು ವರ್ಷದ ಬಿ.ಕಾಂ.ಗೆ ಎಲ್ಲ ಯೂನಿವರ್ಸಿಟಿಗಳೂ ಒಂದೇ ಬೆಲೆ ಕೊಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಶಿವಮೊಗ್ಗ_ಟು_ಪ್ಲೇನೋ
ಐ-140 ಆಗಿದೆ, ಊರಿಗೆ ಹೋಗುವ ಮಾತು ಸದ್ಯಕ್ಕಿಲ್ಲ. ಯಜಮಾನರಿಗೂ ಈ ಚರ್ಚೆ ಓದಿಸಿದೆ. ಈಗ ಎರಡು ಕಾಲೇಜು ನೋಡಿದ್ದೇನೆ. ಒಂದು ಕಮ್ಯುನಿಟಿ ಕಾಲೇಜು, ಕಾಯುವ ಪಟ್ಟಿ ಉದ್ದ ಇದೆ. ಇನ್ನೊಂದು ಖಾಸಗಿ, ಹೊಸ ಪ್ರೋಗ್ರಾಂ, ಫೀಸ್ ಹಲವು ಪಟ್ಟು, ಆದರೆ ಮುಂದಿನ ಟರ್ಮ್‌ಗೇ ಸೀಟು ಕೊಡುತ್ತಾರಂತೆ. ಮಾನ್ಯತೆ "ಪ್ರಕ್ರಿಯೆಯಲ್ಲಿದೆ" ಅಂದರು. ದಿನಾ ಫೋನ್ ಬೇರೆ.

ಮಣಿಪಾಲ_ಒಟಿ
ದಿನಾ ಫೋನ್ ಮಾಡುವ ಕಾಲೇಜು ನನಗೆ ಇಷ್ಟವಾಗುವುದಿಲ್ಲ. "ಪ್ರಕ್ರಿಯೆಯಲ್ಲಿದೆ" ಅಂದರೆ ಏನು ಅಂತ ಅಕೋಟ್ ವೆಬ್‌ಸೈಟಿನಲ್ಲೇ ನೋಡಿ. ಹೊಸ ಪ್ರೋಗ್ರಾಂಗೆ ಮೊದಲು ಕ್ಯಾಂಡಿಡೇಟ್ ಸ್ಥಾನ ಸಿಗುತ್ತದೆ, ಪೂರ್ತಿ ಮಾನ್ಯತೆ ಆಮೇಲೆ. ಆ ಮಾನ್ಯತೆ ಬರದೇ ಹೋದರೆ ಪರೀಕ್ಷೆ ಬರೆಯಲು ಬಿಡುವುದಿಲ್ಲ, ಕಟ್ಟಿದ ಫೀಸ್ ನೀರಿಗೆ ಹಾಕಿದ ಹಾಗೆ. ಯಾವ ಕಾಲೇಜಿನಿಂದ ಎಷ್ಟು ಜನ ಪರೀಕ್ಷೆ ಪಾಸಾದರು ಅನ್ನುವುದನ್ನು ಎನ್‌ಬಿಸಿಒಟಿ ಪ್ರಕಟಿಸುತ್ತದೆ, ಅದನ್ನೂ ತೆಗೆದು ನೋಡಿ.

ಹಾಸನದವಳು_ಜೆರ್ಸಿಯಲ್ಲಿ
ಕಾಯುವ ಸಮಯದಲ್ಲಿ ಅನಾಟಮಿ, ಫಿಸಿಯಾಲಜಿ ಲ್ಯಾಬ್ ಸಮೇತ ಮುಗಿಸಿಕೊಳ್ಳಿ. ಸೈಕಾಲಜಿ, ಇಂಗ್ಲಿಷ್ ಕಾಂಪೊಸಿಷನ್ ಕೂಡ ಕೇಳುತ್ತಾರೆ. ಕೆಲವು ಕಾಲೇಜುಗಳಲ್ಲಿ ವಿಜ್ಞಾನದ ಅಂಕಗಳು ಇಷ್ಟು ವರ್ಷಕ್ಕಿಂತ ಹಳೆಯದಾದರೆ ಒಪ್ಪುವುದಿಲ್ಲ, ಆದ್ದರಿಂದ ತೀರಾ ಮುಂಚೆಯೂ ಮಾಡಬೇಡಿ. ಒಟಿ ಕೆಲಸ ಮಾಡುವ ಕಡೆ ಹೋಗಿ ನೋಡಿದ ಗಂಟೆಗಳ ಲೆಕ್ಕವನ್ನೂ ಕೆಲವರು ಕೇಳುತ್ತಾರೆ. ಕೇಳದಿದ್ದರೂ ಹೋಗಿ ಒಂದು ದಿನ ನಿಂತು ನೋಡಿ. ವಾಸನೆ, ಕಿರುಚಾಟ, ಬೇಸರ ಎಲ್ಲ ತಡೆಯುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.

ಮಂಡ್ಯ_ರಮ್ಯ
ಫೀಲ್ಡ್‌ವರ್ಕ್‌ಗೆ ಮುಂಚೆ ಟಿಬಿ ಟೆಸ್ಟ್ ಕೇಳುತ್ತಾರಂತಲ್ಲ? ನರ್ಸಿಂಗ್ ಓದುತ್ತಿದ್ದ ನಮ್ಮ ಕಸಿನ್‌ಗೆ ಪಾಸಿಟಿವ್ ಬಂದು ಒಂದೇ ಗಲಾಟೆ.

ಹಾಸನದವಳು_ಜೆರ್ಸಿಯಲ್ಲಿ
ನಮ್ಮವರೆಲ್ಲ ತಿಳಿದಿರಬೇಕಾದ ವಿಷಯ ಅದು. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಕೈಗೆ ಚುಚ್ಚಿ ನೋಡುವ ಟಿಬಿ ಟೆಸ್ಟ್ ಸುಳ್ಳು ಪಾಸಿಟಿವ್ ತೋರಿಸಬಹುದು. ಮೊದಲೇ ರಕ್ತದ ಟೆಸ್ಟ್ ಕೇಳಿ, ಕ್ವಾಂಟಿಫೆರಾನ್ ಅಂತಾರೆ. ಹೆಪಟೈಟಿಸ್ ಬಿ ಲಸಿಕೆ, ಸಿಪಿಆರ್ ಸರ್ಟಿಫಿಕೇಟ್, ಪೊಲೀಸ್ ಪರಿಶೀಲನೆ, ಡ್ರಗ್ ಟೆಸ್ಟ್ ಎಲ್ಲ ಅದೇ ಪಟ್ಟಿಯಲ್ಲಿ ಬರುತ್ತದೆ. ಲಸಿಕೆಯ ಹಳೆಯ ಚೀಟಿ ಅಮ್ಮನ ಮನೆಯಲ್ಲಿದ್ದರೆ ಈಗಲೇ ಫೋಟೊ ತೆಗೆಸಿ ತರಿಸಿಕೊಳ್ಳಿ.

ಶಿವಮೊಗ್ಗ_ಟು_ಪ್ಲೇನೋ
ಅಮ್ಮನಿಗೆ ವಾಟ್ಸಾಪ್ ಮಾಡಿದೆ. "ಯಾಕೆ, ಹುಷಾರಿಲ್ವಾ?" ಅಂತ ತಕ್ಷಣ ಫೋನ್ ಬಂತು. ವಿವರಿಸಿ ಬರುತ್ತೇನೆ.